ಸಿಡಿದದ್ದು ಅಲ್ಲಿ, ಕುಸಿದದ್ದು ಇಲ್ಲಿ: ನೋವರುಪ್ಟಾದ ಮಾದರಿ ಮಾಡುವ ಬಗೆ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದವರೆಲ್ಲ ಒಂದಾದರೂ ಜ್ವಾಲಾಮುಖಿ ನೋಡಿರುತ್ತೀರಿ. ಹಳೇ ಪೇಪರು ಮತ್ತು ಮೈದಾ ಅಂಟಿನಲ್ಲಿ ಮಾಡಿದ ಬೆಟ್ಟ, ಅದರೊಳಗೊಂದು ಬಾಟ್ಲಿ, ಬಾಟ್ಲಿಯಲ್ಲಿ ಅಡುಗೆ ಸೋಡಾ. ಮೇಲಿಂದ ವಿನೆಗರ್ ಸುರಿದರೆ ಕೆಂಪು ನೊರೆ ಉಕ್ಕುತ್ತದೆ. ಮಕ್ಕಳಿಗೆ ಖುಷಿಯಾಗುತ್ತದೆ, ಅದು ಒಳ್ಳೆಯದೇ. ಆದರೆ ನೊರೆ ನಿಂತ ಮೇಲೆ ಬೆಟ್ಟ ಇದ್ದ ಹಾಗೇ ಇರುತ್ತದೆ. ದೊಡ್ಡ ಜ್ವಾಲಾಮುಖಿ ಸಿಡಿದ ಮೇಲೆ ಬೆಟ್ಟ ಇದ್ದ ಹಾಗೆ ಇರುವುದಿಲ್ಲ. ಒಳಗಿನ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಖಾಲಿಯಾಯಿತೆಂದರೆ ಮೇಲಿನ ಕಲ್ಲಿಗೆ ಆಸರೆ ತಪ್ಪುತ್ತದೆ, ಶಿಖರ ಒಳಕ್ಕೆ ಬೀಳುತ್ತದೆ. ಕ್ಯಾಲ್ಡೆರಾ ಅಂದರೆ ಹಾಗೆ ಬಿದ್ದ ದೊಡ್ಡ ಕುಳಿ. ಇದನ್ನು ಸೋಡಾ ನೊರೆ ಎಂದೂ ತೋರಿಸಲಾರದು.

ನಾನು ಚಾಮರಾಜಪೇಟೆಯ ಕಡೆ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಈಗ ಹೇಳಲಿರುವ ಮಾದರಿ ಅಮೆರಿಕದ ಅಲಾಸ್ಕಾದಲ್ಲಿರುವ ನೋವರುಪ್ಟಾ ಎಂಬ ಜ್ವಾಲಾಮುಖಿಯದು. ಇದನ್ನು ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಮಾಡಿಸುತ್ತೇನೆ. ಇದರಲ್ಲಿ ಬೆಂಕಿಯಿಲ್ಲ, ರಾಸಾಯನಿಕವಿಲ್ಲ. ಹಿಟ್ಟು, ಬಲೂನು, ಅಕ್ವೇರಿಯಂ ಪೈಪು ಸಾಕು. ಮಾಡಿಸುವ ಮೊದಲು ಮಕ್ಕಳಿಗೆ ಒಂದು ನಿಜವಾದ ಕತೆ ಹೇಳಬೇಕು. ಆ ಕತೆ ಗೊತ್ತಿಲ್ಲದಿದ್ದರೆ ಇದು ಬರೀ ಹಿಟ್ಟಿನ ಗುಂಡಿಯಾಗಿ ಉಳಿಯುತ್ತದೆ.

ಅಲಾಸ್ಕಾದ ಕತೆ

1912ರ ಜೂನ್ 6. ನಮ್ಮ ಕೃಷ್ಣರಾಜಸಾಗರದ ಕೆಲಸ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾದದ್ದು ಅದೇ ವರ್ಷದ ನವೆಂಬರಿನಲ್ಲಿ. ಇಷ್ಟು ಹೇಳಿದರೆ ಮಕ್ಕಳಿಗೆ ಕಾಲ ಕಣ್ಣಿಗೆ ಕಟ್ಟುತ್ತದೆ. ಅವತ್ತು ಮಧ್ಯಾಹ್ನ ಅಲಾಸ್ಕಾ ಪರ್ಯಾಯದ್ವೀಪದ ನಿರ್ಜನ ಬೆಟ್ಟಗಳ ನಡುವೆ ನೆಲ ಬಾಯಿ ಬಿಟ್ಟಿತು. ಸುಮಾರು 60 ಗಂಟೆ, ನಡುನಡುವೆ ತುಸು ತಗ್ಗುತ್ತ, ಮತ್ತೆ ಏರುತ್ತ ಸಿಡಿಯಿತು. ಮೇಲೆ ಬಂದ ಶಿಲಾಪಾಕ ಸುಮಾರು 13 ಘನ ಕಿಲೋಮೀಟರ್. ಕೆಆರ್‌ಎಸ್ ತುಂಬಿದಾಗ ಅದರಲ್ಲಿರುವ ನೀರು ಹತ್ತಿರಹತ್ತಿರ 1.4 ಘನ ಕಿಲೋಮೀಟರ್; ಅಂಥ ಒಂಬತ್ತು ಜಲಾಶಯಗಳನ್ನು ತುಂಬುವಷ್ಟು ಕರಗಿದ ಕಲ್ಲು ಎರಡೂವರೆ ದಿನದಲ್ಲಿ ನೆಲದಿಂದ ಎದ್ದು ಬಂತು. ಇಪ್ಪತ್ತನೇ ಶತಮಾನದಲ್ಲಿ ಇದಕ್ಕಿಂತ ದೊಡ್ಡ ಸ್ಫೋಟ ಭೂಮಿಯ ಮೇಲೆ ಆಗಲಿಲ್ಲ. 1991ರಲ್ಲಿ ಫಿಲಿಪ್ಪೀನ್ಸಿನಲ್ಲಿ ಸಿಡಿದ ಪಿನಾಟುಬೊ ಕೂಡ ಇದಕ್ಕಿಂತ ಚಿಕ್ಕದು.

ಸುಮಾರು 160 ಕಿಲೋಮೀಟರ್ ದೂರದ ಕೋಡಿಯಾಕ್ ಊರಿನಲ್ಲಿ ಹಗಲೇ ಕತ್ತಲಾಯಿತು. ಬೆಂಗಳೂರಿನಿಂದ ಹಾಸನಕ್ಕೆ ಗೆರೆ ಎಳೆದರೆ ಅಷ್ಟೇ ದೂರ. ಕೈ ಚಾಚಿ ಹಿಡಿದ ಲಾಂದ್ರ ಹಿಡಿದವರಿಗೇ ಕಾಣುತ್ತಿರಲಿಲ್ಲ. ಬೂದಿ ಒಂದು ಅಡಿಯಷ್ಟು ಬಿತ್ತು, ಮಾಡುಗಳು ಕುಸಿದವು. ಬಂದರಿನಲ್ಲಿದ್ದ ಮ್ಯಾನಿಂಗ್ ಎಂಬ ಹಡಗಿನಲ್ಲಿ ಊರಿನವರು ಆಶ್ರಯ ಪಡೆದರು. 1,200 ಕಿಲೋಮೀಟರ್ ಆಚೆಯ ಜೂನೋ ಪಟ್ಟಣಕ್ಕೂ ಸದ್ದು ಕೇಳಿಸಿತು, ಅದೂ ಸುಮಾರು ಒಂದು ಗಂಟೆ ತಡವಾಗಿ. ಸದ್ದಿಗೆ ಅಷ್ಟು ದೂರ ಬರಲು ಅಷ್ಟು ಹೊತ್ತು ಬೇಕು. ಶಬ್ದದ ವೇಗದ ಪಾಠ ಆಗಿರುವ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ, ಬೇಗ ಮಾಡಿಬಿಡುತ್ತಾರೆ.

ಸತ್ತವರ ಲೆಕ್ಕ ಮಕ್ಕಳು ಕೇಳಿಯೇ ಕೇಳುತ್ತಾರೆ. ಸ್ಫೋಟಕ್ಕೆ ನೇರವಾಗಿ ಸಿಕ್ಕಿ ಯಾರೂ ಸತ್ತ ದಾಖಲೆಯಿಲ್ಲ, ಅಷ್ಟು ವಿರಳವಾದ ಜನವಸತಿ. ಆದರೆ ಆ ನೆಲದ ಮೂಲನಿವಾಸಿಗಳು ಕ್ಯಾಟ್ಮೈ, ಸವೊನೊಸ್ಕಿ ಎಂಬ ತಮ್ಮ ಹಳ್ಳಿಗಳನ್ನು ಶಾಶ್ವತವಾಗಿ ಬಿಡಬೇಕಾಯಿತು. ಕೆಲವರಿಗೆ ಪೆರಿವಿಲ್ ಎಂಬ ಹೊಸ ಊರನ್ನೇ ಕಟ್ಟಬೇಕಾಯಿತು. ಇದನ್ನೂ ಹೇಳಿ. ಬೂದಿಯಡಿ ಹೋದ ಊರೆಂದರೆ ಏನೆಂದು ನಮ್ಮ ಕಡೆ ಅಣೆಕಟ್ಟಿಗೆ ಊರು ಬಿಟ್ಟವರ ಮನೆಯ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಈ ಮಾದರಿಗೆ ಬೇಕಾದ ಮುಖ್ಯ ಭಾಗ. 1916ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಗ್ರಿಗ್ಸ್ ತಂಡದೊಡನೆ ಅಲ್ಲಿಗೆ ಹೋದರು. ಕಣಿವೆಯೊಂದು ಪೂರ್ತಿ ಬೂದಿಯಿಂದ ತುಂಬಿ, ಅದರ ಸಾವಿರಾರು ಬಿರುಕುಗಳಿಂದ ಹಬೆ ಏಳುತ್ತಿತ್ತು. ಹೂತುಹೋದ ಹೊಳೆ ಮತ್ತು ಹಿಮದ ನೀರು ಬಿಸಿ ಬೂದಿಯಡಿ ಕುದಿಯುತ್ತಿತ್ತು. ಅದಕ್ಕೆ ಅವರು ಹತ್ತು ಸಾವಿರ ಹೊಗೆಗಳ ಕಣಿವೆ ಎಂದು ಹೆಸರಿಟ್ಟರು. ಪಕ್ಕದ ಕ್ಯಾಟ್ಮೈ ಬೆಟ್ಟದ ಶಿಖರವೇ ಮಾಯವಾಗಿತ್ತು. ಅದಿದ್ದ ಜಾಗದಲ್ಲಿ ಸುಮಾರು 3 ಕಿಲೋಮೀಟರ್ ಅಗಲ, 4 ಕಿಲೋಮೀಟರ್ ಉದ್ದದ ಕುಳಿ. ಇಷ್ಟು ದೊಡ್ಡ ಕುಳಿ ಕಂಡ ಮೇಲೆ ಬೇರೆ ಏನು ಯೋಚಿಸಲು ಸಾಧ್ಯ? ಸಿಡಿದದ್ದು ಕ್ಯಾಟ್ಮೈಯೇ ಎಂದು ಎಲ್ಲರೂ ನಂಬಿದರು. ಅಲ್ಲಿಂದ ಪಶ್ಚಿಮಕ್ಕೆ 10 ಕಿಲೋಮೀಟರ್ ದೂರದಲ್ಲಿ ಗಟ್ಟಿ ಲಾವಾದ ಒಂದು ಪುಟ್ಟ ಗುಮ್ಮಟವಿತ್ತು. ಅದೇ ನೋವರುಪ್ಟಾ. ಅದನ್ನೂ ಕಂಡರು, ಹೆಸರಿಟ್ಟರು, ಆದರೆ ದೊಡ್ಡ ಸ್ಫೋಟದ ಹೊಣೆ ಅದರ ಮೇಲೆ ಹೊರಿಸಲಿಲ್ಲ.

1950ರ ದಶಕದಲ್ಲಿ ಭೂವಿಜ್ಞಾನಿ ಗಾರ್ನಿಸ್ ಕರ್ಟಿಸ್ ಆ ನೆಲವನ್ನು ಅಗೆದಗೆದು ಬೂದಿಯ ದಪ್ಪ ಅಳೆದರು. ಒಂದೇ ದಪ್ಪ ಇರುವ ಜಾಗಗಳನ್ನು ನಕ್ಷೆಯಲ್ಲಿ ಗೆರೆ ಎಳೆದು ಸೇರಿಸಿದರು. ಗೆರೆಗಳು ಕ್ಯಾಟ್ಮೈಯನ್ನು ಸುತ್ತಲಿಲ್ಲ, ನೋವರುಪ್ಟಾವನ್ನು ಸುತ್ತಿದವು. ಸಿಡಿದದ್ದು ಆ ಪುಟ್ಟ ಗುಮ್ಮಟ ಇರುವ ಜಾಗ. ಕ್ಯಾಟ್ಮೈಯ ಅಡಿಯಲ್ಲಿದ್ದ ಶಿಲಾಪಾಕ ನೆಲದೊಳಗೇ ಪಕ್ಕಕ್ಕೆ ಹರಿದು ಅಲ್ಲಿ ಹೊರಬಂದಿತ್ತು. ಕೆಳಗೆ ಬರಿದಾದ ಕ್ಯಾಟ್ಮೈ ಕುಸಿದು ಬಿದ್ದಿತ್ತು. ಬೆಂಗಳೂರಿನ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿ: ಹೆಬ್ಬಾಳ ಕೆರೆಯ ಹತ್ತಿರ ಸಿಡಿತ, ಲಾಲ್‌ಬಾಗಿನ ಬಂಡೆ ನೆಲದೊಳಕ್ಕೆ. ಎರಡರ ನಡುವೆ ಹತ್ತಿರಹತ್ತಿರ ಅಷ್ಟೇ ದೂರ.

ನಾವು ಮಾಡುವ ಪೆಟ್ಟಿಗೆ ತೋರಿಸಬೇಕಾದದ್ದು ಇದನ್ನೇ. ಒಂದು ತುದಿಯಲ್ಲಿ ಬೂದಿ ಚಿಮ್ಮಬೇಕು, ಅದೇ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಬೆಟ್ಟ ಕುಸಿಯಬೇಕು.

ಏನೇನು ಬೇಕು, ಎಲ್ಲಿ ಸಿಗುತ್ತದೆ

ಮೊದಲು ಪೆಟ್ಟಿಗೆ. ಮೀನು ತುಂಬಿ ಬರುವ ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಕೇಳಿದರೆ ಸಿಗುತ್ತದೆ. ಸೋಪಿನ ನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಇಡಿ. ಔಷಧಿ ಸಗಟು ಅಂಗಡಿಯವರು ಎಸೆಯುವ ಪೆಟ್ಟಿಗೆಯಾದರೆ ವಾಸನೆಯ ತಂಟೆಯೂ ಇರದು. ಒಳಗಿನ ಉದ್ದ 55 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಗೋಡೆಯ ಎತ್ತರವನ್ನು 18 ಸೆಂಟಿಮೀಟರಿಗೆ ಕತ್ತರಿಸಿ, ಇಲ್ಲವಾದರೆ ಹಿಂದೆ ನಿಂತ ಗಿಡ್ಡ ಮಕ್ಕಳಿಗೆ ಏನೂ ಕಾಣುವುದಿಲ್ಲ.

ಅಕ್ವೇರಿಯಂ ಅಂಗಡಿಯಲ್ಲಿ ಗಾಳಿ ಪಂಪಿಗೆ ಹಾಕುವ ತೆಳು ಪೈಪು ಒಂದೂವರೆ ಮೀಟರ್, ಆ ಪೈಪಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ನಲ್ಲಿ ಒಂದು ಕೊಳ್ಳಿ. ಬಲೂನು ಸ್ವಲ್ಪ ಗಟ್ಟಿ ಇರಲಿ; ಹುಟ್ಟುಹಬ್ಬದ ಸಾಮಾನಿನ ಅಂಗಡಿಯಲ್ಲಿ ಬಲೂನಿನ ಜೊತೆ ಗಾಳಿ ತುಂಬುವ ಕೈಪಂಪು ಕೂಡ ಸಿಗುತ್ತದೆ. ಕಪ್ಪು ಚಾರ್ಟ್ ಪೇಪರಿಗೆ ಅವೆನ್ಯೂ ರಸ್ತೆ. ಮನೆಯಲ್ಲೇ ಇರುವಂಥವು: ಒಂದು ಲೀಟರಿನ ಖಾಲಿ ನೀರಿನ ಬಾಟ್ಲಿ, ಹಳೇ ಪ್ಲಾಸ್ಟಿಕ್ ಬಳೆ, ನೂಲು, ಎಂ-ಸೀಲ್, ಮಲ್ ಬಟ್ಟೆಯ ಚೂರು, ಸ್ವಲ್ಪ ರಾಗಿ ಹಿಟ್ಟು.

ಹಿಟ್ಟಿನ ವಿಷಯ ಬಿಡಿಸಿ ಹೇಳಬೇಕು. ಪೆಟ್ಟಿಗೆ ತುಂಬಲು ಹತ್ತಾರು ಕಿಲೋ ಪುಡಿ ಬೇಕಾಗುತ್ತದೆ. ತಿನ್ನುವ ಹಿಟ್ಟನ್ನು ಅಂಗಡಿಯಿಂದ ತಂದು ಇದಕ್ಕೆ ಸುರಿಯುವುದಕ್ಕೆ ನಾನು ಒಪ್ಪುವುದಿಲ್ಲ, ಮಕ್ಕಳ ಮುಂದಂತೂ ಬೇಡವೇ ಬೇಡ. ಬೀದಿಬೀದಿಯಲ್ಲೂ ಹಿಟ್ಟಿನ ಮಿಲ್ ಇದೆ. ನೆಲಕ್ಕೆ ಬಿದ್ದು ಗುಡಿಸಿದ ಹಿಟ್ಟು, ಹುಳ ಹಿಡಿದ ಹಿಟ್ಟು ಅಲ್ಲಿ ದಿನವೂ ಇರುತ್ತದೆ. ಒಂದು ವಾರ ಮೊದಲೇ ಹೇಳಿಟ್ಟರೆ ಚೀಲದಲ್ಲಿ ಕೂಡಿಟ್ಟು ಕೊಡುತ್ತಾರೆ. ಜರಡಿ ಹಿಡಿದು, ಬಿಸಿಲಿಗೆ ಹರವಿ ಒಣಗಿಸಿ. ಅದಕ್ಕೆ ಬೆರೆಸಲು ರಂಗೋಲಿ ಪುಡಿ ಬೇಕು, ಕೆ.ಆರ್. ಮಾರ್ಕೆಟ್ಟಿನಲ್ಲಿ ಬಿಳಿ ರಂಗೋಲಿ ಪುಡಿ ಚೀಲದ ಲೆಕ್ಕದಲ್ಲಿ ಸಿಗುತ್ತದೆ.

ಯಾಕೆ ಬೆರಕೆ? ಬರೀ ಮರಳೋ ಬರೀ ರಂಗೋಲಿ ಪುಡಿಯೋ ಆದರೆ ಕಾಳುಗಳು ಒಂದಕ್ಕೊಂದು ಹಿಡಿಯುವುದಿಲ್ಲ. ಕೆಳಗೆ ಬರಿದಾದಾಗ ಆಲಿಕೆಯಲ್ಲಿ ಇಳಿದಂತೆ ಸುಮ್ಮನೆ ಜಾರಿಬಿಡುತ್ತವೆ. ಬರೀ ಹಿಟ್ಟಾದರೆ ಅತಿಯಾಗಿ ಹಿಡಿದುಕೊಂಡು ಕಮಾನಿನಂತೆ ನಿಂತುಬಿಡುತ್ತದೆ. ಒಳಗೆ ಬಲೂನು ಖಾಲಿ, ಮೇಲೆ ಬೆಟ್ಟ ಅಲ್ಲಾಡದು. ನಮಗೆ ಬೇಕಾದದ್ದು ಬಿರುಕು ಬಿಟ್ಟು, ಹೋಳುಹೋಳಾಗಿ ಇಳಿಯುವ ಪುಡಿ. ಬಂಡೆ ಕುಸಿಯುವುದು ಹಾಗೆ. ಸಮಪಾಲಿನಿಂದ ಶುರು ಮಾಡಿ, ಮುಷ್ಟಿಯಲ್ಲಿ ಹಿಡಿದು ನೋಡಿ: ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ನಿಲ್ಲದಿದ್ದರೆ ಹಿಟ್ಟು ಹೆಚ್ಚಿಸಿ, ಒಡೆಯದಿದ್ದರೆ ರಂಗೋಲಿ ಪುಡಿ ಹೆಚ್ಚಿಸಿ. ಮಳೆಗಾಲದ ತೇವದಲ್ಲಿ ರಂಗೋಲಿ ಪುಡಿ ಜಾಸ್ತಿ ಬೇಕಾಗುತ್ತದೆ. ಈ ಒಂದು ಪರೀಕ್ಷೆಯಲ್ಲೇ ಮಾದರಿಯ ಜೀವ ಇದೆ. ಬೇರೆಲ್ಲದರಲ್ಲೂ ಸ್ವಲ್ಪ ಹೆಚ್ಚುಕಡಿಮೆ ಆದರೆ ನಡೆಯುತ್ತದೆ, ಇದರಲ್ಲಿ ನಡೆಯುವುದಿಲ್ಲ.

ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಾಳಿಯಲ್ಲಿ ಹಾರುವ ಹಿಟ್ಟಿನ ಧೂಳಿಗೆ ಬೆಂಕಿ ಹತ್ತುತ್ತದೆ. ದೀಪ, ಊದುಬತ್ತಿ, ಬೆಂಕಿಪೆಟ್ಟಿಗೆ ಯಾವುದೂ ಆ ಕೋಣೆಯಲ್ಲಿ ಇರಕೂಡದು. ಪ್ರದರ್ಶನ ಉದ್ಘಾಟನೆಗೆ ದೀಪ ಹಚ್ಚುವ ವೇದಿಕೆಯಿಂದ ಟೇಬಲ್ ದೂರ ಇರಲಿ. ಎಲ್ಲರೂ ಮಾಸ್ಕ್ ಹಾಕಲಿ, ಬೂದಿ ಚಿಮ್ಮಿಸುವವರಿಗೆ ಕನ್ನಡಕ ಇರಲಿ. ಉಬ್ಬಸ ಇರುವ ಮಗುವಿಗೆ ಕಿಟಕಿಯ ಹತ್ತಿರ ನಿಂತು ವಿಡಿಯೋ ಮಾಡುವ ಕೆಲಸ ಕೊಡಿ.

ಜೋಡಿಸುವುದು

ಅಳತೆ ಹೀಗಿಟ್ಟುಕೊಳ್ಳಿ: 1 ಸೆಂಟಿಮೀಟರಿಗೆ 250 ಮೀಟರ್. ಆಗ ಕ್ಯಾಟ್ಮೈಗೂ ನೋವರುಪ್ಟಾಕ್ಕೂ ನಡುವಿನ 10 ಕಿಲೋಮೀಟರ್ 40 ಸೆಂಟಿಮೀಟರ್ ಆಗುತ್ತದೆ. ಪೆಟ್ಟಿಗೆಯ ಉದ್ದದ ಗೋಡೆಯಲ್ಲಿ, ತಳದಿಂದ ಎರಡು ಸೆಂಟಿಮೀಟರ್ ಮೇಲೆ, 40 ಸೆಂಟಿಮೀಟರ್ ಅಂತರದಲ್ಲಿ ಪೆನ್ಸಿಲಿನಿಂದ ಎರಡು ತೂತು ಮಾಡಿ. ಬಲಗಡೆಯದು ಕ್ಯಾಟ್ಮೈಯದು, ಎಡಗಡೆಯದು ನೋವರುಪ್ಟಾದ್ದು.

ಬಲೂನನ್ನು ಮೊದಲು ಒಂದೆರಡು ಸಲ ಊದಿ ಬಿಟ್ಟು ಸಡಿಲ ಮಾಡಿ. ಪೈಪಿನ ಒಂದು ತುದಿಯನ್ನು ಅದರ ಬಾಯಿಗೆ ತೂರಿಸಿ, ನೂಲಿನಿಂದ ಬಿಗಿಯಾಗಿ ಸುತ್ತಿ, ಮೇಲೆ ಇನ್ಸುಲೇಷನ್ ಟೇಪ್ ಹಾಕಿ. ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿ. ಬಲಗಡೆಯ ತೂತಿನ ನೇರಕ್ಕೆ, ಗೋಡೆಯಿಂದ 15 ಸೆಂಟಿಮೀಟರ್ ಒಳಗೆ, ತಳಕ್ಕೆ ಬಳೆಯನ್ನು ಅಂಟಿಸಿ. ಬಲೂನು ಅದರೊಳಗೆ ಕೂತರೆ ಉರುಳುವುದಿಲ್ಲ. ಪೈಪನ್ನು ತೂತಿನಿಂದ ಹೊರಗೆ ಎಳೆದು, ಹೊರಗಡೆ ಕತ್ತರಿಸಿ, ತುದಿಗೆ ನಲ್ಲಿ ಸಿಕ್ಕಿಸಿ. ಉಳಿದ ಪೈಪು ನಲ್ಲಿಯ ಇನ್ನೊಂದು ಬಾಯಿಂದ ಹೊರಟು, ಗೋಡೆಯ ಹೊರಮೈ ಉದ್ದಕ್ಕೂ ಸಾಗಿ, ಎಡಗಡೆಯ ತೂತಿನಿಂದ ಮತ್ತೆ ಒಳಗೆ ಹೋಗಬೇಕು. ಪೈಪು ಹೊರಗೆ ಕಾಣುವಂತೆಯೇ ಇರಲಿ. ಶಿಲಾಪಾಕ ನೆಲದಡಿ ಪಕ್ಕಕ್ಕೆ ಸಾಗಿದ ದಾರಿ ಅದು. ಆ ಗೋಡೆಯ ಮೇಲೆ ಮಕ್ಕಳ ಕೈಯಲ್ಲೇ ಬಾಣದ ಗುರುತು ಬರೆಸಿ.

ನೋವರುಪ್ಟಾದ ಬಾಯಿಗೆ ನೀರಿನ ಬಾಟ್ಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗು ಮಾಡಿ. ಮುಚ್ಚಳಕ್ಕೆ ತೂತು ಮಾಡಿ, ಪೈಪು ತೂರಿಸಿ, ಸುತ್ತ ಎಂ-ಸೀಲ್ ಮೆತ್ತಿ. ಪುಡಿ ಪೈಪಿನೊಳಗೆ ಇಳಿಯದಂತೆ ತುದಿಗೆ ಮಲ್ ಬಟ್ಟೆ ಕಟ್ಟಿ. ನೋವರುಪ್ಟಾದ ಬಾಯಿ ಸುಮಾರು 2 ಕಿಲೋಮೀಟರ್ ಅಗಲ. ನಮ್ಮ ಅಳತೆಯಲ್ಲಿ 8 ಸೆಂಟಿಮೀಟರ್. ಒಂದು ಲೀಟರ್ ಬಾಟ್ಲಿಯ ಅಗಲ ಹತ್ತಿರಹತ್ತಿರ ಅಷ್ಟೇ ಇರುವುದು ನನಗೆ ತುಂಬಾ ಇಷ್ಟವಾದ ಹೊಂದಿಕೆ. ಈ ಆಲಿಕೆಯನ್ನು ಎಡಗಡೆಯ ತೂತಿನ ನೇರಕ್ಕೆ ನಿಲ್ಲಿಸಿ, ಅಂಚು ನೆಲದ ಮಟ್ಟಕ್ಕೆ ಬರುವಂತೆ ಅಡಿಗೆ ಥರ್ಮಾಕೋಲ್ ತುಂಡು ಕೊಡಿ.

ಈಗ ನಲ್ಲಿಯಿಂದ ಎಡಗಡೆಯ ಪೈಪನ್ನು ಕಳಚಿ, ಆ ಬಾಯಿಗೆ ಕೈಪಂಪು ಇಟ್ಟು, ಬಲೂನು ಹತ್ತು ಸೆಂಟಿಮೀಟರ್ ಅಗಲ ಆಗುವವರೆಗೆ ಗಾಳಿ ತುಂಬಿ. ನಲ್ಲಿ ಮುಚ್ಚಿ, ಪೈಪು ಮತ್ತೆ ಸಿಕ್ಕಿಸಿ. ಪುಡಿಯನ್ನು ಕೈಯಿಂದ ಉದುರಿಸುತ್ತ ತುಂಬಿ, ಒತ್ತಬೇಡಿ. ಒತ್ತಿದರೆ ಕಮಾನು ಕಟ್ಟಿಕೊಳ್ಳುತ್ತದೆ. ಬಲೂನು ಮುಚ್ಚುವ ಮಟ್ಟಕ್ಕೆ ಬಂದ ಮೇಲೆ ಅದರ ಮೇಲೆ ನಾಲ್ಕೈದು ಸೆಂಟಿಮೀಟರ್ ಎತ್ತರದ ಬೆಟ್ಟ ಮಾಡಿ, ಮೇಲ್ಮೈಗೆ ತೆಳ್ಳಗೆ ರಾಗಿ ಹಿಟ್ಟು ಉದುರಿಸಿ. ಕಂದು ಬಣ್ಣದ ಮೇಲೆ ಬಿಳಿ ಬಿರುಕು ಚೆನ್ನಾಗಿ ಎದ್ದು ಕಾಣುತ್ತದೆ.

ಆಲಿಕೆಯೊಳಗೆ ಮೊದಲು ಒಂದು ಚಮಚ ರಾಗಿ ಹಿಟ್ಟು, ಅದರ ಮೇಲೆ ಒಂದು ಚಮಚ ಬಿಳಿ ಹಿಟ್ಟು. ಇದಕ್ಕಿಂತ ಹೆಚ್ಚು ಹಾಕಿದರೆ ಬಲೂನಿನ ಗಾಳಿಗೆ ಎತ್ತಲು ಆಗುವುದಿಲ್ಲ. ಈ ಕ್ರಮಕ್ಕೆ ಕಾರಣವಿದೆ. 1912ರಲ್ಲಿ ಮೊದಲು ಬಂದದ್ದು ರಯೊಲೈಟ್ ಎಂಬ ಬಿಳಿಚಾದ ಶಿಲಾಪಾಕ, ಆಮೇಲೆ ಅದರ ಜೊತೆ ಬೆರೆತು ಬಂದದ್ದು ಬಣ್ಣ ಗಾಢವಾದ ಡೇಸೈಟ್ ಮತ್ತು ಆಂಡೆಸೈಟ್. ಅಲ್ಲಿ ಸಿಗುವ ಪ್ಯೂಮಿಸ್ ಎಂಬ ಹಗುರ ನೊರೆಗಲ್ಲುಗಳಲ್ಲಿ ಬಿಳಿ, ಕಪ್ಪು ಪಟ್ಟೆಗಳು ಒಟ್ಟಿಗೇ ಇವೆ. ಬೇರೆಬೇರೆ ಶಿಲಾಪಾಕಗಳು ಒಂದೇ ಬಾಯಿಯಿಂದ ಬೆರೆತು ಬಂದವೆನ್ನುವುದಕ್ಕೆ ಆ ಪಟ್ಟೆಗಳೇ ಸಾಕ್ಷಿ.

ನಲ್ಲಿ ತೆಗೆಯುವುದು

ಎಲ್ಲರೂ ಆಲಿಕೆಯನ್ನೇ ನೋಡುತ್ತಾರೆ, ಅದು ಸಹಜ. ಅದಕ್ಕೇ ನಾನು ತರಗತಿಯನ್ನು ಎರಡು ಮಾಡುತ್ತೇನೆ: ಅರ್ಧ ಮಕ್ಕಳು ಎಡಕ್ಕೆ ಕಣ್ಣಿಡಬೇಕು, ಅರ್ಧ ಬಲಕ್ಕೆ. ಒಬ್ಬರ ಫೋನು ಎರಡನ್ನೂ ಸೇರಿಸಿ ಮೇಲಿಂದ ನಿಧಾನಗತಿಯ ವಿಡಿಯೋ ತೆಗೆಯಲಿ. ನಲ್ಲಿಯನ್ನು ಒಮ್ಮೆಲೇ ಪೂರ್ತಿ ತೆರೆಯಿರಿ. ಬಿಳಿ ಪುಡಿ ಬುಸ್ಸೆಂದು ಮೇಲೇಳುತ್ತದೆ, ಹಿಂದೆಯೇ ಕಂದು. ಎಡಗಡೆಯವರು ಕೂಗುವಷ್ಟರಲ್ಲಿ ಬಲಗಡೆಯವರು, "ಸಾರ್, ಇಲ್ಲಿ ಒಡೀತಾ ಇದೆ ಸಾರ್!" ಎನ್ನುತ್ತಾರೆ. ಬೆಟ್ಟದ ನೆತ್ತಿಯ ಸುತ್ತ ಮೊದಲು ಉಂಗುರದಂಥ ಬಿರುಕು, ಆಮೇಲೆ ಅದರ ಹೊರಗೆ ಇನ್ನೊಂದು. ನೆತ್ತಿ ಹೋಳುಹೋಳಾಗಿ ಒಳಗಿಳಿಯುತ್ತದೆ. ಗೋಡೆ ಕಡಿದಾಗಿ ನಿಲ್ಲುತ್ತದೆ.

ಎರಡನೇ ಸಲ ಮಾಡುವಾಗ ನಲ್ಲಿಯನ್ನು ಸ್ವಲ್ಪವೇ ತೆರೆಯಿರಿ. ಬೂದಿ ಏಳುವುದಿಲ್ಲ, ಆದರೆ ಕುಸಿತ ನಿಧಾನಕ್ಕೆ ಆಗುವುದರಿಂದ ಒಂದೊಂದು ಬಿರುಕೂ ಹುಟ್ಟುವುದನ್ನು ನೋಡಬಹುದು. ಒಂದು ಹೋಳು ಜಾರಿ, ನಿಂತು, ಮತ್ತೆ ಜಾರುವಾಗ ಮಕ್ಕಳಿಗೆ ಇದನ್ನು ಹೇಳಿ: ಕ್ಯಾಟ್ಮೈ ಕುಸಿಯುವಾಗ 6ರಿಂದ 7 ತೀವ್ರತೆಯ 14 ಭೂಕಂಪಗಳಾದವು. ಐದು ಘನ ಕಿಲೋಮೀಟರಿಗೂ ಹೆಚ್ಚು ಕಲ್ಲು ಒಳಗಿಳಿದಾಗ ಒಂದೊಂದು ಜಾರಿಕೆಯೂ ಭೂಮಿ ನಡುಗಿಸಿತು. ದೂರದ ಭೂಕಂಪಮಾಪಕಗಳಲ್ಲಿ ಉಳಿದ ಆ ಗೀಚುಗಳಿಂದಲೇ ಕುಸಿತ ಯಾವಾಗ ಶುರುವಾಯಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ನಿಮ್ಮ ಕುಳಿಯ ಅಗಲ ಎಂಟು ಹತ್ತು ಸೆಂಟಿಮೀಟರ್ ಬಂದರೆ ತೃಪ್ತಿಪಡಿ. ಅಳತೆಯಂತೆ ಕ್ಯಾಟ್ಮೈಯ ಕುಳಿ 12 ಸೆಂಟಿಮೀಟರಿಗೆ 16 ಇರಬೇಕು, ಆಳ ಎರಡೂವರೆಯ ಆಸುಪಾಸು. ನಮ್ಮದು ಅಗಲದಲ್ಲಿ ಕಡಿಮೆ, ಆಳದಲ್ಲಿ ಹೆಚ್ಚು. ಇದನ್ನು ಫಲಕದ ಮೇಲೆ ಬರೆದೇ ಹಾಕಿ. ಮಾದರಿ ಎಲ್ಲಿ ನಿಜದಂತಿದೆ, ಎಲ್ಲಿ ಇಲ್ಲ ಎಂದು ಮಕ್ಕಳೇ ಹೇಳಬಲ್ಲವರಾದರೆ ಅವರು ವಿಜ್ಞಾನ ಮಾಡಿದ್ದಾರೆ. ಮಾದರಿಯೊಳಗೆ ಇರುವುದು ಗಾಳಿ, ಬೆಟ್ಟದೊಳಗೆ ಇದ್ದದ್ದು ಅನಿಲ ತುಂಬಿದ ಮಂದ ಶಿಲಾಪಾಕ; ಇದೂ ಆ ಫಲಕದಲ್ಲಿ ಇರಲಿ.

ಕುಸಿತ ನಿಂತ ಮೇಲೆ ಕುಳಿಯೊಳಗೆ ನೀಲಿ ಜಿಲೇಟಿನ್ ಕಾಗದದ ಒಂದು ಚೂರು ಇಡಿ. ಕ್ಯಾಟ್ಮೈಯ ಕುಳಿಯಲ್ಲಿ ಈಗ ಆಳವಾದ ಸರೋವರವಿದೆ. ಎಡಗಡೆ ಆಲಿಕೆಯನ್ನು ಪುಡಿಯಿಂದ ಮುಚ್ಚಿ ಸಮ ಮಾಡಿ, ನಡುವೆ ಜೇಡಿಮಣ್ಣಿನ ಒಂದು ಬೊಟ್ಟು ಇಡಿ. ನೋವರುಪ್ಟಾದ ಗುಮ್ಮಟ ಸುಮಾರು 400 ಮೀಟರ್ ಅಗಲ, 65 ಮೀಟರ್ ಎತ್ತರ. ನಮ್ಮ ಅಳತೆಯಲ್ಲಿ ಒಂದೂವರೆ ಸೆಂಟಿಮೀಟರಿಗೆ ತುಸು ಹೆಚ್ಚು ಅಗಲ, ಮೂರು ಮಿಲಿಮೀಟರಿಗೂ ಕಡಿಮೆ ಎತ್ತರ. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಸ್ಫೋಟದ ಕೊನೆಗೆ, ಅನಿಲವೆಲ್ಲ ಹೋದ ಮೇಲೆ ಉಳಿದ ಮಂದ ಲಾವಾ ಬಾಯಿಗೆ ಬಿರಟೆಯಾಗಿ ಕೂತದ್ದು ಅದು. ಈಗ ಹೊಸದಾಗಿ ಬಂದವರನ್ನು ಕರೆದು, "ಇವೆರಡರಲ್ಲಿ ಸಿಡಿದದ್ದು ಯಾವುದು?" ಎಂದು ಕೇಳಿ. ಹೆಚ್ಚಿನವರ ಕೈ ಸರೋವರದ ಕಡೆ ಹೋಗುತ್ತದೆ. ನಾಲ್ಕು ದಶಕ ದೊಡ್ಡದೊಡ್ಡವರೂ ಅದನ್ನೇ ನಂಬಿದ್ದರು.

ಬೂದಿಯ ನಕ್ಷೆ

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಸಮಯ ಇಲ್ಲವೆಂದು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಬೇಕಾದರೆ ಕುಸಿತವನ್ನು ಒಂದೇ ಸಲ ತೋರಿಸಿ ಇದಕ್ಕೆ ಒಂದು ಪೀರಿಯಡ್ ಇಟ್ಟುಕೊಳ್ಳಿ.

ಕಪ್ಪು ಚಾರ್ಟನ್ನು ಐದು ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ, ಹಿಂದೆ ಸಂಖ್ಯೆ ಬರೆಯಿರಿ. ಪೆಟ್ಟಿಗೆಯ ಮೇಲೂ ಸುತ್ತಲ ನೆಲದ ಮೇಲೂ ಸಾಲಾಗಿ ಹರಡಿ. ಯಾವ ಸಂಖ್ಯೆ ಎಲ್ಲಿತ್ತೆಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಒಂದು ಬದಿಯಲ್ಲಿ ಟೇಬಲ್ ಫ್ಯಾನನ್ನು ದೂರವಿಟ್ಟು, ತೀರಾ ಮೆಲ್ಲಗೆ ಬಿಡಿ. ಆವತ್ತು ಗಾಳಿ ಬೂದಿಯನ್ನು ಆಗ್ನೇಯಕ್ಕೆ, ಕೋಡಿಯಾಕ್ ಕಡೆಗೆ ಒಯ್ದಿತ್ತು. ಬಲೂನಿನ ಗಾಳಿ ಇದಕ್ಕೆ ಸಾಲದು. ಎಡಗಡೆಯ ಪೈಪಿಗೆ ನೇರವಾಗಿ ಕೈಪಂಪು ಇಟ್ಟು, ಪ್ರತಿ ಸಲ ಒಂದು ಚಮಚ ಬಿಳಿ ಹಿಟ್ಟು ಹಾಕಿ, ಚೌಕಗಳ ಮೇಲೆ ಬಿಳಿ ಚೆನ್ನಾಗಿ ಕಾಣುವವರೆಗೆ ಚಿಮ್ಮಿಸಿ.

ಆಮೇಲೆ ಚೌಕಗಳನ್ನು ಅಲುಗಾಡಿಸದೆ ಎತ್ತಿ, ಈ ಸ್ಫೋಟ ನೋಡಿಲ್ಲದ ಇನ್ನೊಂದು ಸೆಕ್ಷನ್ನಿನ ಮಕ್ಕಳಿಗೆ ಕೊಡಿ. ಪೆಟ್ಟಿಗೆ ಅವರ ಕಣ್ಣಿಗೆ ಬೀಳಬಾರದು. ಅವರು ಒಂದೊಂದು ಚೌಕಕ್ಕೂ ಎಷ್ಟು ಬಿಳಿ ಇದೆ ಎಂದು ನೋಡಿ 0ಯಿಂದ 5ರವರೆಗೆ ಅಂಕ ಕೊಡಲಿ, ಅಂಕಗಳನ್ನು ಹಾಳೆಯ ಮೇಲೆ ಬರೆದು, ಒಂದೇ ಅಂಕದ ಜಾಗಗಳನ್ನು ಗೆರೆಯಿಂದ ಸೇರಿಸಲಿ. ಒಂದು ಕಡೆಗೆ ಎಳೆದಂಥ, ಒಂದರೊಳಗೊಂದು ಉಂಗುರಗಳು ಮೂಡುತ್ತವೆ. ಉದ್ದಕ್ಕೆ ಎಳೆದ ಬಾಲ ಗಾಳಿಯ ದಿಕ್ಕು. ಎಲ್ಲಕ್ಕಿಂತ ಒಳಗಿನ ಉಂಗುರದಲ್ಲಿ ಸಿಡಿದ ಬಾಯಿ. ಕರ್ಟಿಸ್ ಮಾಡಿದ್ದು ಇದನ್ನೇ, ಕೈಯಲ್ಲಿ ಸನಿಕೆ ಹಿಡಿದು, ನೂರಾರು ಚದರ ಕಿಲೋಮೀಟರಿನ ಮೇಲೆ. ಗೆರೆ ಮುಗಿದ ಮೇಲೆ ಮಾತ್ರ ಪೆಟ್ಟಿಗೆ ತೋರಿಸಿ. ಅದರ ಇನ್ನೊಂದು ತುದಿಯಲ್ಲಿ ದೊಡ್ಡ ಕುಳಿ ಕಂಡಾಗ ಅವರೊಳಗೇ ವಾದ ಹತ್ತುತ್ತದೆ: "ಗುಂಡಿ ಅಲ್ಲಿದೆ ಕಣೋ!" "ಇರಲಿ, ಬೂದಿ ಇಲ್ಲಿ ಜಾಸ್ತಿ ಇದೆಯಲ್ಲ!" ಆ ವಾದ ತೀರುವ ಮೊದಲು ನೀವು ಬಾಯಿ ಹಾಕಬೇಡಿ. ಯಾರಾದರೊಬ್ಬರು ಹೊರಗಿನ ಪೈಪನ್ನು ನೋಡಿಯೇ ನೋಡುತ್ತಾರೆ.

ಬರುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹೀಗಾಗುತ್ತದೆಯೇ ಎಂದು ತೀರ್ಪುಗಾರರೂ ಕೇಳುತ್ತಾರೆ, ಅಜ್ಜಿಯರೂ ಕೇಳುತ್ತಾರೆ. ಇಲ್ಲ. ನಮ್ಮ ಕಾಲಡಿ ಇರುವುದು ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ ಎಂಬ ಬಗೆಯ ಶಿಲೆ. ಲಾಲ್‌ಬಾಗಿನ ಬಂಡೆಯ ಮುಂದೆ ಭೂವೈಜ್ಞಾನಿಕ ಸರ್ವೇಕ್ಷಣೆಯ ಫಲಕವೇ ಇದೆ. ಶಿಲಾಪಾಕದ ತೊಟ್ಟಿಯಂಥ ಯಾವುದೂ ಇಲ್ಲಿ ಕೆಳಗಿಲ್ಲ. ಆದರೆ ಕರ್ನಾಟಕ ಲಾವಾ ಕಂಡೇ ಇಲ್ಲವೆನ್ನಬೇಡಿ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಆ ಕಡೆಯಿಂದ ಬಂದ ಮಕ್ಕಳಿದ್ದರೆ ಊರಿಂದ ಒಂದು ಕಲ್ಲು ತರಿಸಿ ಟೇಬಲ್ಲಿನ ಮೇಲಿಡಿ. ಈಗಲೂ ಜೀವಂತ ಇರುವ ಜ್ವಾಲಾಮುಖಿ ಭಾರತದಲ್ಲಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ.

ಆ ಜಾಗಕ್ಕೆ ಈಗ ಹೋಗಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಅದು ಇವತ್ತು ಕ್ಯಾಟ್ಮೈ ರಾಷ್ಟ್ರೀಯ ಉದ್ಯಾನ. ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಬ್ರೂಕ್ಸ್ ಕ್ಯಾಂಪ್ ಎಂಬಲ್ಲಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಕಣಿವೆಯ ಅಂಚಿಗೆ, ಮುಂದೆ ನಡಿಗೆ. ಹತ್ತು ಸಾವಿರ ಹೊಗೆಗಳಲ್ಲಿ ಹೆಚ್ಚಿನವು ಕೆಲವು ದಶಕಗಳಲ್ಲೇ ಆರಿಹೋದವು. 1965 ಮತ್ತು 1966ರಲ್ಲಿ ಅಪೋಲೋ ಗಗನಯಾತ್ರಿಗಳು ಚಂದ್ರನಿಗೆ ಹೋಗುವ ಮೊದಲು ಭೂವಿಜ್ಞಾನ ಕಲಿಯಲು ಅಲ್ಲಿ ನಡೆದಾಡಿದ್ದರು. ಚಂದ್ರನೆಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ, ಇದನ್ನು ಹೇಳಲು ಮರೆಯಬೇಡಿ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೋ ಬೇರೆ ಶಾಲೆಗೋ ಪ್ರದರ್ಶನಕ್ಕೆ ಒಯ್ಯುವುದಾದರೆ ಪುಡಿಯನ್ನು ಚೀಲದಲ್ಲಿ ಬೇರೆಯಾಗಿ ಒಯ್ಯಿರಿ. ತುಂಬಿದ ಪೆಟ್ಟಿಗೆಯನ್ನು ಆಟೋದಲ್ಲಿ ಇಟ್ಟರೆ ದಾರಿಯ ಕುಲುಕಾಟಕ್ಕೆ ಹಿಟ್ಟೆಲ್ಲ ಒತ್ತಿಕೊಂಡು ಗಟ್ಟಿಯಾಗುತ್ತದೆ, ಆಮೇಲೆ ಬೆಟ್ಟ ಕುಸಿಯದು. ಒಂದು ಬಲೂನು ನಾಲ್ಕೈದು ಪ್ರಯೋಗಕ್ಕೆ ಬರುತ್ತದೆ, ಪೈಪಿಗೆ ಕಟ್ಟಿಟ್ಟ ಎರಡು ಬಲೂನು ಹೆಚ್ಚಿಗೆ ಇರಲಿ. ಪ್ರತಿ ಸಲವೂ ಪುಡಿಯನ್ನು ಪೂರ್ತಿ ತೆಗೆದು, ಜರಡಿ ಹಿಡಿದು, ಮತ್ತೆ ಉದುರಿಸಿ ತುಂಬಬೇಕು. ಇಬ್ಬರು ಮಕ್ಕಳಾದರೆ ಕಾಲು ಗಂಟೆಯ ಕೆಲಸ. ಎಲ್ಲ ಮುಗಿದ ಮೇಲೆ ಆ ಬೆರಕೆ ಹಿಟ್ಟನ್ನು ದನಕ್ಕೆ ಹಾಕಬೇಡಿ, ಅದರಲ್ಲಿ ಕಲ್ಲಿನ ಪುಡಿ ಇದೆ. ಮುಚ್ಚಳ ಇರುವ ಡಬ್ಬದಲ್ಲಿ ಒಣಗಿದ ಬೇವಿನ ಎಲೆ ಹಾಕಿಟ್ಟರೆ ಮುಂದಿನ ವರ್ಷದ ತರಗತಿಗೂ ಬರುತ್ತದೆ.